ಮೂರು ವಾಲ್ವ್‌ಗಳ ಗಿಟಾರ್ ಆಂಪ್ಲಿಫೈಯರ್: ದನಿ ಎಲ್ಲಿ ಹುಟ್ಟುತ್ತದೆ

ಗಿಟಾರ್‌ಗಾಗಿ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಮನೆಯಲ್ಲೇ ಕಟ್ಟಬೇಕೆಂದು ಹೊರಟವರ ಮುಂದೆ ನಾನು ಮೊದಲು ಹರಡುವುದು 1950ರ ದಶಕದ ಫೆಂಡರ್ ಚಾಂಪ್ ಎಂಬ ಸಣ್ಣ ಗಿಟಾರ್ ಆಂಪ್ಲಿಫೈಯರ್‌ನ ಸರ್ಕ್ಯೂಟ್ ನಕ್ಷೆಯನ್ನು. ಅದು ಅರ್ಧ ಹಾಳೆಯಲ್ಲಿ ಮುಗಿದುಹೋಗುತ್ತದೆ. ಮೂರು ವಾಲ್ವ್, ಎರಡು ಟ್ರಾನ್ಸ್‌ಫಾರ್ಮರ್, ಹತ್ತು ಹನ್ನೆರಡು ರೆಸಿಸ್ಟರ್, ಆರೇಳು ಕೆಪಾಸಿಟರ್, ಒಂದು ವಾಲ್ಯೂಮ್ ತಿರುಗಣೆ, ಒಂದು ಸ್ಪೀಕರ್. ಸುಮಾರು 5 ವಾಟ್ ಶಕ್ತಿ. ಸಾಮಾನು ಇಷ್ಟು ಕಡಿಮೆ ಇರುವುದರಿಂದಲೇ ಇದರಲ್ಲಿ ಸುಮ್ಮನೆ ಕುಳಿತ ಭಾಗ ಒಂದೂ ಇಲ್ಲ. ಯಾವುದನ್ನು ಬದಲಿಸಿದರೂ ಕಿವಿಗೆ ಗೊತ್ತಾಗುತ್ತದೆ.

ವಾಲ್ವ್‌ನ ದನಿಯೇ ಬೇರೆ ಎಂದು ಗಿಟಾರ್ ನುಡಿಸುವವರು ಹೇಳುವಾಗ ಗುಟ್ಟೆಲ್ಲ ಆ ಗಾಜಿನ ಬುರುಡೆಯೊಳಗೆ ಅಡಗಿದೆ ಎಂಬ ಭಾವನೆ ಬರುತ್ತದೆ. ಹಾಗಾಗಿ ಹೊಸಬರು ದುಬಾರಿ ವಾಲ್ವ್ ಹುಡುಕಲು ಹೊರಡುತ್ತಾರೆ. ನನ್ನ ಅನುಭವ ಹೇಳುವುದು ಬೇರೆ. ಒಂದೇ ಸಂಖ್ಯೆಯ ಎರಡು ಒಳ್ಳೆಯ ವಾಲ್ವ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಅದರ ಪಕ್ಕದಲ್ಲಿರುವ ಅಗ್ಗದ ಕೆಪಾಸಿಟರ್ ಎಷ್ಟು ಮೈಕ್ರೋಫ್ಯಾರಡ್‌ನದು ಎಂಬುದು ದನಿಯನ್ನು ಹೆಚ್ಚು ತಿರುಗಿಸುತ್ತದೆ. ಆ ಅಂಕೆಗಳನ್ನು ಓದಲು ಕಲಿತರೆ ಮಾರ್ಪಾಡು ಎಂಬುದು ಅದೃಷ್ಟದ ಆಟವಾಗಿ ಉಳಿಯುವುದಿಲ್ಲ. ತಂತಿಯಿಂದ ಸ್ಪೀಕರ್‌ವರೆಗೆ ಸಂಕೇತದ ಜೊತೆಯಲ್ಲೇ ನಡೆಯುತ್ತ ಅದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಜೀವದ ಮಾತು

ಇದನ್ನು ಬೆಸುಗೆಯ ವಿಷಯಕ್ಕಿಂತ ಮುಂಚೆ ಹೇಳಲೇಬೇಕು. ಈ ಪೆಟ್ಟಿಗೆಯೊಳಗೆ 300ರಿಂದ 350 ವೋಲ್ಟ್ ಡಿಸಿ ಇರುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. 350 ವೋಲ್ಟ್‌ಗೆ ತುಂಬಿದ 16 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಲ್ಲಿ ಹೆಚ್ಚುಕಡಿಮೆ ಒಂದು ಜೂಲ್ ಶಕ್ತಿ ಕಾದು ಕುಳಿತಿರುತ್ತದೆ. ಅದಕ್ಕೆ ಅಡ್ಡಲಾಗಿ 220 ಕಿಲೋಓಮ್, 2 ವಾಟ್‌ನ ರೆಸಿಸ್ಟರ್ ಒಂದನ್ನು ಶಾಶ್ವತವಾಗಿ ಬೆಸೆದರೆ ವಿದ್ಯುತ್ ನಿಂತ ಮೇಲೆ ಪ್ರತಿ ಮೂರೂವರೆ ಸೆಕೆಂಡಿಗೆ ವೋಲ್ಟೇಜ್ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತ ಹೋಗುತ್ತದೆ. ಇಪ್ಪತ್ತು ಸೆಕೆಂಡಿನಲ್ಲಿ ಬಹುಪಾಲು ಖಾಲಿ. ಹಾಗೆಂದು ಆ ರೆಸಿಸ್ಟರನ್ನೇ ನಂಬಿ ಕೈ ಹಾಕಬಾರದು, ಅದರ ಬೆಸುಗೆ ಬಿಟ್ಟಿರಬಹುದು. ಪ್ರತಿ ಸಲವೂ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಇಳಿದಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಬೆರಳು ಒಳಗೆ ಹೋಗಬೇಕು.

ವಿದ್ಯುತ್ ಇರುವಾಗ ಅಳೆಯಬೇಕಾದರೆ ಮೀಟರಿನ ಕಪ್ಪು ತಂತಿಯನ್ನು ಷಾಸಿಗೆ (ಭಾಗಗಳನ್ನೆಲ್ಲ ಕೂರಿಸಿದ ಲೋಹದ ಚೌಕಟ್ಟಿಗೆ) ಕ್ಲಿಪ್ ಹಾಕಿ, ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯೊಂದರಿಂದಲೇ ಅಳೆಯಿರಿ. ಎರಡು ಕೈಗಳ ನಡುವೆ ವಿದ್ಯುತ್ ಹರಿದರೆ ಅದರ ದಾರಿ ಎದೆಯ ಮೂಲಕ. ಮೂರು ಪಿನ್ನಿನ ಪ್ಲಗ್, ಲೋಹದ ಷಾಸಿಗೆ ಭದ್ರವಾಗಿ ಬೋಲ್ಟ್ ಮಾಡಿದ ಅರ್ಥ್ ತಂತಿ, ಲೈನ್ ತಂತಿಯಲ್ಲಿ ಫ್ಯೂಸ್, ಈ ಮೂರರಲ್ಲಿ ಯಾವುದನ್ನೂ ಮುಂದಕ್ಕೆ ಹಾಕಬೇಡಿ. ಗಿಟಾರ್‌ನ ತಂತಿಗಳು ಕೇಬಲ್ ಮೂಲಕ ಈ ಷಾಸಿಗೇ ಸೇರಿವೆ, ನುಡಿಸುವವನ ಬೆರಳು ಆ ತಂತಿಗಳ ಮೇಲಿರುತ್ತದೆ. ಹಳೆಯ ಕೆಲವು ಆಂಪ್ಲಿಫೈಯರ್‌ಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುತ್ತಿರಲಿಲ್ಲ, ಗೋಡೆಯ ವಿದ್ಯುತ್ತನ್ನು ನೇರವಾಗಿ ಬಳಸುತ್ತಿದ್ದರು. ಅಂಥದ್ದು ಸಿಕ್ಕರೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಸೇರಿಸದೆ ಅದಕ್ಕೆ ಗಿಟಾರ್ ಜೋಡಿಸಬೇಡಿ.

ಗಾಜಿನೊಳಗಿನ ತೂಬು

1904ರಲ್ಲಿ ಫ್ಲೆಮಿಂಗ್ ಎರಡು ಎಲೆಕ್ಟ್ರೋಡ್‌ಗಳ ವಾಲ್ವ್ ಮಾಡಿದರು. 1906ರ ಹೊತ್ತಿಗೆ ಲೀ ಡಿ ಫಾರೆಸ್ಟ್ ಅದರೊಳಗೆ ಮೂರನೆಯದೊಂದನ್ನು ಸೇರಿಸಿದರು. ವರ್ಧನೆ ಸಾಧ್ಯವಾದದ್ದು ಆ ಮೂರನೆಯದರಿಂದ.

ಕೆರೆಯ ತೂಬನ್ನು ನೆನೆಯಿರಿ. ಹಲಗೆಯನ್ನು ಬೆರಳಗಲ ಎತ್ತಿದರೆ ಕಾಲುವೆ ತುಂಬಿ ಹರಿಯುತ್ತದೆ. ಎತ್ತಿದ ಕೈಯ ಬಲ ನೀರಾಗುವುದಿಲ್ಲ. ಹರಿಯುವುದು ಕೆರೆಯ ನೀರೇ. ವಾಲ್ವ್‌ನಲ್ಲಿ ಹೀಟರ್ ಕ್ಯಾಥೋಡನ್ನು ಕೆಂಪಗೆ ಕಾಯಿಸಿದಾಗ ಅದರಿಂದ ಎಲೆಕ್ಟ್ರಾನ್‌ಗಳು ಹೊರಬೀಳುತ್ತವೆ. ನೂರಾರು ವೋಲ್ಟ್ ಧನ ವೋಲ್ಟೇಜ್ ಇರುವ ಪ್ಲೇಟ್ ಅವುಗಳನ್ನು ಎಳೆದುಕೊಳ್ಳುತ್ತದೆ. ನಡುವೆ ಇರುವ ಸಣ್ಣ ತಂತಿಯ ಸುರುಳಿಯೇ ಗ್ರಿಡ್, ನಮ್ಮ ತೂಬಿನ ಹಲಗೆ. ಕ್ಯಾಥೋಡ್‌ಗಿಂತ ಗ್ರಿಡ್ ಹೆಚ್ಚು ಋಣವಾದಷ್ಟೂ ಹರಿವು ಕಡಿಮೆ. ಗಿಟಾರ್‌ನಿಂದ ಬಂದ ದುರ್ಬಲ ಸಂಕೇತ ಈ ಹಲಗೆಯನ್ನು ಅಲುಗಿಸುತ್ತದೆ, ಅಷ್ಟೆ. ಸ್ಪೀಕರನ್ನು ತಳ್ಳುವ ಶಕ್ತಿಯೆಲ್ಲ ವಿದ್ಯುತ್ ಸರಬರಾಜಿನಿಂದಲೇ ಬರುತ್ತದೆ.

ಮೊದಲ ಹಂತ: ದನಿಯ ಅರ್ಧ ಇಲ್ಲೇ

ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಅತಿ ಹೆಚ್ಚು ಕಾಣಸಿಗುವ ಸಣ್ಣ ವಾಲ್ವ್ 12ಎಎಕ್ಸ್7. ಯುರೋಪಿನಲ್ಲಿ ಅದರ ಹೆಸರು ಇಸಿಸಿ83. ಒಂದೇ ಗಾಜಿನೊಳಗೆ ಎರಡು ಟ್ರಯೋಡ್‌ಗಳಿವೆ, ಅಂದರೆ ಮೂರು ಎಲೆಕ್ಟ್ರೋಡ್‌ಗಳ ಎರಡು ವಾಲ್ವ್‌ಗಳು. ಪ್ರತಿಯೊಂದರ ವರ್ಧನಾಂಕ, ಅಂದರೆ ಅದು ಕೊಡಬಲ್ಲ ವರ್ಧನೆಯ ಮೇಲ್ಮಿತಿ, 100. ಇದನ್ನು ಕೆಲಸಕ್ಕೆ ಹಚ್ಚಲು ಮೂರು ರೆಸಿಸ್ಟರ್ ಸಾಕು. ಪ್ಲೇಟ್‌ಗೆ 100 ಕಿಲೋಓಮ್, ಕ್ಯಾಥೋಡ್‌ಗೆ 1.5 ಕಿಲೋಓಮ್, ಗ್ರಿಡ್‌ನಿಂದ ನೆಲಕ್ಕೆ (ಷಾಸಿಗೆ ಸೇರಿದ ಸೊನ್ನೆ ವೋಲ್ಟ್‌ನ ಬಿಂದುವಿಗೆ) 1 ಮೆಗಾಓಮ್.

ಲೆಕ್ಕ ಹಾಕಿ ನೋಡೋಣ. ವಾಲ್ವ್‌ನಲ್ಲಿ ಸರಿಸುಮಾರು 1 ಮಿಲಿಆಂಪಿಯರ್ ಹರಿಯುತ್ತದೆ ಎಂದುಕೊಳ್ಳಿ. 1.5 ಕಿಲೋಓಮ್ ಮೇಲೆ ಅದು 1.5 ವೋಲ್ಟ್ ಆಗುತ್ತದೆ, ಅಂದರೆ ಕ್ಯಾಥೋಡ್ ನೆಲಕ್ಕಿಂತ ಅಷ್ಟು ಮೇಲೆ ಏರಿ ಕುಳಿತಿದೆ. ಗ್ರಿಡ್ ನೆಲದ ಮಟ್ಟದಲ್ಲೇ ಇದೆ. ಕ್ಯಾಥೋಡ್‌ನ ಕಡೆಯಿಂದ ನೋಡಿದರೆ ಗ್ರಿಡ್ 1.5 ವೋಲ್ಟ್ ಋಣ. ತೂಬು ಅರ್ಧ ತೆರೆದು ನಿಂತಿತು. ಇದನ್ನೇ ಬಯಾಸ್ ಎನ್ನುವುದು. ಹರಿವು ಹೆಚ್ಚಾದರೆ ಕ್ಯಾಥೋಡ್ ಇನ್ನೂ ಮೇಲೇರಿ ಗ್ರಿಡ್ ಇನ್ನಷ್ಟು ಋಣವಾಗುತ್ತದೆ, ಹರಿವು ತಾನೇ ತಗ್ಗುತ್ತದೆ. ಒಂದು ರೆಸಿಸ್ಟರ್ ತನ್ನನ್ನು ತಾನೇ ಕಾಯ್ದುಕೊಳ್ಳುವ ಈ ಏರ್ಪಾಡು ನನಗೆ ಎಷ್ಟು ಸಲ ನೋಡಿದರೂ ಚೆಂದವೆನಿಸುತ್ತದೆ.

ಈಗ ತಂತಿಯನ್ನು ಮೀಟಿ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನಿಂದ 0.1 ವೋಲ್ಟ್ ಬಂತು. ಹರಿವು ಸುಮಾರು 0.06 ಮಿಲಿಆಂಪಿಯರ್‌ನಷ್ಟು ಏರಿತು. 100 ಕಿಲೋಓಮ್ ಮೇಲೆ ಅದು 6 ವೋಲ್ಟ್. ವರ್ಧನೆ 60.

ಆದರೆ ಈ 60 ಸಿಗಬೇಕಾದರೆ ಕ್ಯಾಥೋಡ್ ರೆಸಿಸ್ಟರ್‌ಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಇರಬೇಕು. ಇಲ್ಲದಿದ್ದರೆ ಹಲಗೆ ಏರಿದಾಗಲೆಲ್ಲ ಕ್ಯಾಥೋಡ್ ಕೂಡ ಏರಿ ಸಂಕೇತದ ಒಂದು ಭಾಗವನ್ನು ತಾನೇ ನುಂಗುತ್ತದೆ, ವರ್ಧನೆ 30ರ ಹತ್ತಿರಕ್ಕೆ ಇಳಿಯುತ್ತದೆ. 25 ಮೈಕ್ರೋಫ್ಯಾರಡ್ ಹಾಕಿದರೆ ಮಂದ್ರದಿಂದ ತಾರದವರೆಗೆ ಎಲ್ಲಕ್ಕೂ ಪೂರ್ತಿ ವರ್ಧನೆ. ಅದರ ಬದಲು 0.68 ಹಾಕಿ ನೋಡಿ. ಈಗ ಕೆಪಾಸಿಟರ್ ಮಂದ್ರ ಸ್ವರಗಳಿಗೆ ದಾರಿ ಬಿಡುವುದಿಲ್ಲ. ಸುಮಾರು 150 ಹರ್ಟ್ಜ್‌ನಿಂದ 300 ಹರ್ಟ್ಜ್‌ವರೆಗೆ ವರ್ಧನೆ ಮೆಲ್ಲಗೆ ಏರಿ ಅಲ್ಲಿಂದ ಮೇಲೆ ಪೂರ್ತಿಯಾಗುತ್ತದೆ. ಗಿಟಾರ್‌ನ ದಪ್ಪ ತಂತಿ ಮಿಡಿಯುವುದು 82 ಹರ್ಟ್ಜ್‌ನಲ್ಲಿ. ಅದರ ಮೂಲಸ್ವರಕ್ಕೆ ಅರ್ಧ ವರ್ಧನೆ ಮಾತ್ರ ಸಿಕ್ಕಿತು. ದನಿ ತೆಳುವಾಯಿತೆಂದು ಮೊದಲು ಅನಿಸಬಹುದು. ಆದರೆ ವಾಲ್ಯೂಮ್ ಏರಿಸಿ ದನಿ ಒಡೆಯುವ ಹಂತಕ್ಕೆ ತಂದಾಗ ಇದರ ಬೆಲೆ ತಿಳಿಯುತ್ತದೆ. ಮಂದ್ರ ಸ್ವರಗಳು ತುಂಬಿಕೊಂಡೇ ಒಡೆದರೆ ಎಲ್ಲ ಕಲಸಿ ಕೆಸರಾಗುತ್ತದೆ. ಒಡೆದ ಮೇಲೆ ಅವುಗಳನ್ನು ತೆಗೆಯಲಾಗುವುದಿಲ್ಲ, ಒಡೆಯುವ ಮೊದಲೇ ತಗ್ಗಿಸಬೇಕು. ಹೊಸದಾಗಿ ಮಾರ್ಪಾಡು ಮಾಡುವವರಿಗೆ ನಾನು ಒಂದನ್ನೇ ಕಲಿಸಬಹುದಾದರೆ ಇದನ್ನೇ ಕಲಿಸುತ್ತೇನೆ.

ಗ್ರಿಡ್‌ನ ಮುಂದೆ ಸಾಮಾನ್ಯವಾಗಿ 68 ಕಿಲೋಓಮ್‌ನ ಇನ್ನೊಂದು ರೆಸಿಸ್ಟರ್ ಇರುತ್ತದೆ. ಏನೂ ಮಾಡದಂತೆ ಕಾಣುವ ಅದನ್ನು ಕಿತ್ತುಹಾಕುವವರಿದ್ದಾರೆ. ವಾಲ್ವ್‌ನ ಗ್ರಿಡ್ ಮತ್ತು ಪ್ಲೇಟ್ ನಡುವೆ ಸಹಜವಾಗಿಯೇ 1.6 ಪಿಕೋಫ್ಯಾರಡ್‌ನಷ್ಟು ಕೆಪಾಸಿಟನ್ಸ್ ಇದೆ. ವರ್ಧನೆಯ ಕಾರಣ ಅದು ಅರವತ್ತು ಪಟ್ಟು ದೊಡ್ಡದಾಗಿ, ಸುಮಾರು 100 ಪಿಕೋಫ್ಯಾರಡ್‌ನಂತೆ ವರ್ತಿಸುತ್ತದೆ. 68 ಕಿಲೋಓಮ್ ಜೊತೆ ಸೇರಿ ಅದು 23 ಕಿಲೋಹರ್ಟ್ಜ್‌ನಿಂದ ಮೇಲಿನದನ್ನು ತಡೆಯುತ್ತದೆ. ನಮ್ಮ ಕಿವಿಗೆ ನಷ್ಟವಿಲ್ಲ, ಆದರೆ ಗಿಟಾರ್ ಕೇಬಲ್ ಹಿಡಿದು ತಂದ ರೇಡಿಯೋ ಪ್ರಸಾರ ಬಾಗಿಲಲ್ಲೇ ನಿಲ್ಲುತ್ತದೆ. ಇದನ್ನು ವಾಲ್ವ್ ಸಾಕೆಟ್‌ನ ಕಾಲಿಗೇ ಹತ್ತಿರವಾಗಿ ಬೆಸೆಯಿರಿ.

ದನಿ ಒಡೆಯುವುದೆಂದರೆ

ಮೊದಲ ಹಂತದ ಪ್ಲೇಟ್‌ನಿಂದ ಹೊರಟ 6 ವೋಲ್ಟ್ ಒಂದು ಕೆಪಾಸಿಟರ್ ದಾಟಿ, ವಾಲ್ಯೂಮ್ ತಿರುಗಣೆಯ ಮೂಲಕ ಎರಡನೆಯ ಟ್ರಯೋಡ್‌ನ ಗ್ರಿಡ್‌ಗೆ ಬರುತ್ತದೆ. ಅಲ್ಲಿಯೂ ಬಯಾಸ್ 1.5 ವೋಲ್ಟ್ ಮಾತ್ರ. ವಾಲ್ಯೂಮ್ ಪೂರ್ತಿ ತೆರೆದಿದ್ದರೆ 6 ವೋಲ್ಟ್ ಅಲ್ಲಿ ಹಿಡಿಸುವುದಿಲ್ಲ. ಕೆಳಮುಖವಾಗಿ ಹೋದಾಗ ಹರಿವು ಪೂರ್ತಿ ನಿಲ್ಲುತ್ತದೆ. ಮೇಲ್ಮುಖವಾಗಿ ಹೋದಾಗ ಗ್ರಿಡ್ ಧನವಾಗಿ, ಪ್ಲೇಟ್‌ಗೆ ಹೋಗಬೇಕಾದ ಎಲೆಕ್ಟ್ರಾನ್‌ಗಳಲ್ಲಿ ಕೆಲವನ್ನು ತಾನೇ ಹಿಡಿದುಕೊಳ್ಳುತ್ತದೆ. ಅಲೆಯ ಎರಡೂ ತುದಿಗಳು ಚಪ್ಪಟೆಯಾಗುತ್ತವೆ, ಆದರೆ ಒಂದೇ ರೀತಿ ಅಲ್ಲ, ಒಂದೇ ಹೊತ್ತಿಗೂ ಅಲ್ಲ. ಈ ಅಸಮತೆಯೇ ಸಮಸಂಖ್ಯೆಯ ಉಪಸ್ವರಗಳನ್ನು ಹುಟ್ಟಿಸುತ್ತದೆ. 110 ಹರ್ಟ್ಜ್‌ನ ತಂತಿ ಮೀಟಿದರೆ 220 ಕೂಡ ಕೇಳುತ್ತದೆ, ಅಂದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ. ಕಿವಿಗೆ ಅದು ಹಿತ. ಮೆತ್ತಗೆ ಮೀಟಿದರೆ ಶುದ್ಧ, ಜೋರಾಗಿ ಮೀಟಿದರೆ ಕಾವೇರಿದ ದನಿ. ಇದರ ನಡುವೆ ಗೆರೆಯಿಲ್ಲ, ಇಳಿಜಾರಿದೆ. ನುಡಿಸುವವನ ಬೆರಳಿಗೆ ಆಂಪ್ಲಿಫೈಯರ್ ಸ್ಪಂದಿಸುತ್ತದೆ ಎಂದು ಹೇಳುವುದು ಆ ಇಳಿಜಾರಿನ ಕಾರಣಕ್ಕೆ.

ನಡುವಿನ ಆ ಕೆಪಾಸಿಟರ್ ಎಷ್ಟು ಮೈಕ್ರೋಫ್ಯಾರಡ್‌ನದು ಎಂಬುದೂ ಮುಖ್ಯ. 0.022 ಮೈಕ್ರೋಫ್ಯಾರಡ್ ಮತ್ತು 1 ಮೆಗಾಓಮ್ ಸೇರಿದರೆ 7 ಹರ್ಟ್ಜ್‌ವರೆಗೂ ದಾರಿ ತೆರೆದಿರುತ್ತದೆ. 0.0022 ಹಾಕಿದರೆ 72 ಹರ್ಟ್ಜ್‌ನ ಕೆಳಗೆ ಇಳುಕಲು ಶುರು. ದೊಡ್ಡದಿದ್ದಷ್ಟೂ ಒಳ್ಳೆಯದೆಂದು 0.1 ಹಾಕಿದರೆ ಇನ್ನೊಂದು ತೊಂದರೆ ಬರುತ್ತದೆ. ಗ್ರಿಡ್ ಎಲೆಕ್ಟ್ರಾನ್ ಹಿಡಿದುಕೊಂಡಾಗಲೆಲ್ಲ ಆ ಕೆಪಾಸಿಟರ್ ತುಂಬಿಕೊಂಡು ಮುಂದಿನ ವಾಲ್ವನ್ನು ಕ್ಷಣಕಾಲ ಮುಚ್ಚಿಬಿಡುತ್ತದೆ. ಜೋರಾಗಿ ಮೀಟಿದ ಸ್ವರ ಮೊದಲು ಉಸಿರುಗಟ್ಟಿ ಆಮೇಲೆ ಉಕ್ಕುತ್ತದೆ.

ಈ ಸಣ್ಣ ಬದಲಾವಣೆಗಳು ಎಷ್ಟು ದೂರ ಒಯ್ಯಬಲ್ಲವು ಎಂಬುದಕ್ಕೆ ಚರಿತ್ರೆಯಲ್ಲೇ ಸಾಕ್ಷಿಯಿದೆ. 1962ರಲ್ಲಿ ಲಂಡನ್ನಿನಲ್ಲಿ ಜಿಮ್ ಮಾರ್ಷಲ್, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಮಾಡಿದ ಜೆಟಿಎಂ45 ಎಂಬ ಆಂಪ್ಲಿಫೈಯರ್, ಫೆಂಡರ್‌ನದೇ ಇನ್ನೊಂದು ಆಂಪ್ಲಿಫೈಯರ್ ಆದ ಬಾಸ್‌ಮನ್‌ನ ಸರ್ಕ್ಯೂಟನ್ನೇ ಹೆಚ್ಚುಕಡಿಮೆ ಹಾಗೆಯೇ ಅನುಸರಿಸಿತ್ತು. ಆದರೆ ಬಾಸ್‌ಮನ್‌ನ ಮೊದಲ ಸ್ಥಾನದಲ್ಲಿದ್ದ ವರ್ಧನಾಂಕ 44ರ 12ಎವೈ7 ಬದಲಿಗೆ ಇಲ್ಲಿ 100ರ ಇಸಿಸಿ83 ಬಂತು. ತೆರೆದ ಬೆನ್ನಿನ ಪೆಟ್ಟಿಗೆಯ ನಾಲ್ಕು 10 ಇಂಚಿನ ಸ್ಪೀಕರ್‌ಗಳ ಜಾಗದಲ್ಲಿ ಮುಚ್ಚಿದ ಪೆಟ್ಟಿಗೆಯ ನಾಲ್ಕು 12 ಇಂಚಿನವು ಬಂದವು. ದನಿ ಬೇರೆಯಾಯಿತು, ಅದರ ಹಿಂದೆ ಒಂದು ಕಾಲದ ರಾಕ್ ಸಂಗೀತವೂ ಬಂತು.

ಶಕ್ತಿ ವಾಲ್ವ್ ಮತ್ತು ಅದರ ಸಹನೆ

ಚಾಂಪ್‌ನಲ್ಲಿ ಸ್ಪೀಕರ್‌ಗೆ ಶಕ್ತಿ ಕೊಡುವುದು ಒಂದು 6ವಿ6. ಇಲ್ಲಿಯೂ ಬಯಾಸ್ ಅದೇ ತತ್ವದ್ದು, ಕ್ಯಾಥೋಡ್‌ನಲ್ಲಿ 470 ಓಮ್. ಇದನ್ನು ಅಳೆಯುವುದು ಸುಲಭ. ಕ್ಯಾಥೋಡ್‌ನಲ್ಲಿ 20 ವೋಲ್ಟ್ ಕಂಡಿತೆನ್ನಿ. 20ನ್ನು 470ರಿಂದ ಭಾಗಿಸಿದರೆ 42.5 ಮಿಲಿಆಂಪಿಯರ್. ಅದರಲ್ಲಿ ಎರಡು ಮೂರು ಮಿಲಿಆಂಪಿಯರ್ ಈ ವಾಲ್ವ್‌ನಲ್ಲಿರುವ ಎರಡನೆಯ ಗ್ರಿಡ್ ಆದ ಸ್ಕ್ರೀನ್ ಗ್ರಿಡ್‌ನ ಪಾಲು, ಉಳಿದ 40 ಪ್ಲೇಟ್‌ನದು. ಪ್ಲೇಟ್ 305 ವೋಲ್ಟ್ ಇದ್ದರೆ ಕ್ಯಾಥೋಡ್‌ನಿಂದ ಅಲ್ಲಿಗೆ 285. ಗುಣಿಸಿದರೆ 11.4 ವಾಟ್. ಹಳೆಯ ದತ್ತಾಂಶ ಹಾಳೆಗಳು ಈ ವಾಲ್ವ್‌ಗೆ ಹೇಳುವ ಮಿತಿ 12 ವಾಟ್. ಸರಿಯಾಗಿದೆ. ಲೆಕ್ಕ 15 ದಾಟಿದರೆ ಕತ್ತಲೆಯಲ್ಲಿ ಪ್ಲೇಟ್ ಕೆಂಪಾಗುವುದು ಕಾಣಿಸಬಹುದು, ತಕ್ಷಣ ಆರಿಸಿ.

ಮಾರ್ಪಾಡು ಮಾಡುವವರು ಬಹಳ ಸಲ ಎಡವುವುದು ಇಲ್ಲಿಯೇ. ಎಸಿಯನ್ನು ಡಿಸಿ ಮಾಡುವ 5ವೈ3 ವಾಲ್ವ್ ತೆಗೆದು ಸಿಲಿಕಾನ್ ಡಯೋಡ್ ಹಾಕಿದರೆ ದನಿ ಬಿಗಿಯಾಗುತ್ತದೆ ಎಂದು ಓದಿ ಹಾಗೆಯೇ ಮಾಡಿಬಿಡುತ್ತಾರೆ. ಬಿಗಿಯಾಗುವುದು ನಿಜ. 5ವೈ3 ತನ್ನೊಳಗೇ ಹತ್ತಾರು ವೋಲ್ಟ್ ನುಂಗುತ್ತದೆ, ಹರಿವು ಹೆಚ್ಚಿದಂತೆ ಇನ್ನೂ ಹೆಚ್ಚು ನುಂಗುತ್ತದೆ. ಜೋರಾಗಿ ನುಡಿಸಿದಾಗ ಕೆರೆಯ ಮಟ್ಟವೇ ತುಸು ಇಳಿದು, ಸ್ವರ ಸಣ್ಣಗಾಗಿ ಮತ್ತೆ ತುಂಬಿಕೊಳ್ಳುತ್ತದೆ. ಡಯೋಡ್‌ನಲ್ಲಿ ಅದಿಲ್ಲ. ಆದರೆ ಆ ನುಂಗುವಿಕೆ ನಿಂತಾಗ ವೋಲ್ಟೇಜ್ ಎಲ್ಲ ಕಡೆ ಏರಿ, ಮೇಲಿನ 11.4 ವಾಟ್ ಮಿತಿ ದಾಟಿರುತ್ತದೆ, ಕೆಪಾಸಿಟರ್‌ಗಳೂ ತಮ್ಮ ವೋಲ್ಟೇಜ್ ಮಿತಿಗೆ ಬಂದಿರುತ್ತವೆ. ಡಯೋಡ್ ಹಾಕಿದ ದಿನವೇ ಬಯಾಸ್ ಮತ್ತೆ ಅಳೆದು, 470 ಓಮ್ ಬದಲು ದೊಡ್ಡದನ್ನು ಹಾಕಬೇಕಾಗಬಹುದು.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಈ ವಾಲ್ವ್ ಸ್ಪೀಕರ್ ಜೊತೆ ಮಾತಾಡಲಾರದು. ವಾಲ್ವ್‌ಗೆ ಬೇಕಾದ ಹೊರೆ 5000 ಓಮ್, ಸ್ಪೀಕರ್ ಇರುವುದು 8 ಓಮ್. 5000ವನ್ನು 8ರಿಂದ ಭಾಗಿಸಿದರೆ 625, ಅದರ ವರ್ಗಮೂಲ 25. ಪ್ರೈಮರಿಯಲ್ಲಿ (ವಾಲ್ವ್ ಕಡೆಯ ಸುರುಳಿಯಲ್ಲಿ) 25 ಸುತ್ತಿಗೆ ಸೆಕೆಂಡರಿಯಲ್ಲಿ (ಸ್ಪೀಕರ್ ಕಡೆಯದರಲ್ಲಿ) ಒಂದು ಸುತ್ತು. ಅದೇ ಟ್ರಾನ್ಸ್‌ಫಾರ್ಮರ್‌ಗೆ 4 ಓಮ್ ಸ್ಪೀಕರ್ ಕಟ್ಟಿದರೆ ವಾಲ್ವ್‌ಗೆ ಕಾಣುವುದು 2500. ಒಂದೇ ಶಕ್ತಿ ವಾಲ್ವ್‌ನ ಆಂಪ್ಲಿಫೈಯರ್‌ನಲ್ಲಿ ಪ್ರೈಮರಿಯ ಮೂಲಕ ಸದಾ ಡಿಸಿ ಹರಿಯುವುದರಿಂದ ಕಬ್ಬಿಣದ ತಿರುಳಿನಲ್ಲಿ ಗಾಳಿಯ ಸಂದು ಬಿಟ್ಟ ಟ್ರಾನ್ಸ್‌ಫಾರ್ಮರೇ ಬೇಕು. ಎರಡು ವಾಲ್ವ್ ಎದುರುಬದುರು ಕೆಲಸ ಮಾಡುವ ಪುಷ್‌ಪುಲ್ ಮಾದರಿಯದನ್ನು ಹಾಕಿದರೆ ತಿರುಳು ಡಿಸಿಯಿಂದಲೇ ತುಂಬಿ ಮಂದ್ರ ಸ್ವರಗಳು ಸತ್ತುಹೋಗುತ್ತವೆ. ಸ್ಪೀಕರ್ ಜೋಡಿಸದೆ ಎಂದೂ ನುಡಿಸಬೇಡಿ. ಹೋಗಲು ದಾರಿಯಿಲ್ಲದ ಶಕ್ತಿ ಸಾವಿರಾರು ವೋಲ್ಟ್ ಆಗಿ ಚಿಮ್ಮಿ ಟ್ರಾನ್ಸ್‌ಫಾರ್ಮರ್‌ನ ನಿರೋಧಕ ಪದರವನ್ನೇ ಸುಡಬಹುದು.

5 ವಾಟ್ ಕಡಿಮೆಯಾಯಿತೆಂದು ಕೊರಗಬೇಕಿಲ್ಲ. 50 ವಾಟ್‌ನದು ಇದಕ್ಕಿಂತ 10 ಡೆಸಿಬಲ್ ಜೋರು, ಕಿವಿಗೆ ಅದು ಸುಮಾರು ಎರಡರಷ್ಟು. ಇನ್ನೂ ಜೋರು ಬೇಕಿದ್ದರೆ ಸ್ಪೀಕರ್ ಬದಲಿಸಿ. 97 ಡೆಸಿಬಲ್ ಸಂವೇದನೆಯದರ ಬದಲು 100ರದು ಹಾಕಿದರೆ ಆಂಪ್ಲಿಫೈಯರ್‌ನ ಶಕ್ತಿಯನ್ನು ಇಮ್ಮಡಿ ಮಾಡಿದ್ದಕ್ಕೆ ಸಮ. ನಿಜ ಹೇಳಬೇಕೆಂದರೆ ಯಾವ ಕೆಪಾಸಿಟರ್‌ಗಿಂತಲೂ ಹೆಚ್ಚು ದನಿ ಬದಲಿಸುವುದು ಸ್ಪೀಕರ್.

ಮೊದಲ ಸಲ ಹಚ್ಚುವಾಗ

ಬೆಸುಗೆ ಮುಗಿದ ಮೇಲೆ ನೇರವಾಗಿ ಗೋಡೆಗೆ ಸಿಕ್ಕಿಸಬೇಡಿ. 40 ಅಥವಾ 60 ವಾಟ್‌ನ ಹಳೆಯ ಟಂಗ್‌ಸ್ಟನ್ ತಂತಿಯ ಬಲ್ಬನ್ನು ಲೈನ್‌ಗೆ ಸರಣಿಯಲ್ಲಿ ಜೋಡಿಸಿ. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ. ಎಲ್ಲ ಸರಿಯಿದ್ದರೆ ಬಲ್ಬ್ ಒಮ್ಮೆ ಮಿನುಗಿ ಮಂಕಾಗುತ್ತದೆ. ಪೂರ್ತಿ ಬೆಳಗಿ ನಿಂತರೆ ಎಲ್ಲೋ ಷಾರ್ಟ್ ಆಗಿದೆ, ಬಲ್ಬ್ ನಿಮ್ಮ ಟ್ರಾನ್ಸ್‌ಫಾರ್ಮರನ್ನು ಉಳಿಸಿದೆ ಎಂದರ್ಥ. ಮೊದಲು ವಾಲ್ವ್ ಹಾಕದೆ ಟ್ರಾನ್ಸ್‌ಫಾರ್ಮರ್‌ನ ವೋಲ್ಟೇಜ್‌ಗಳನ್ನು ಅಳೆಯಿರಿ, ಆಮೇಲೆ ವಾಲ್ವ್ ಹಾಕಿ.

ನಾನು ಕಟ್ಟಿದ ಮೊದಲ ಆಂಪ್ಲಿಫೈಯರ್ ಈ ಪರೀಕ್ಷೆಗಳೆಲ್ಲವನ್ನೂ ದಾಟಿತು. ವಾಲ್ವ್‌ಗಳು ಕಾದ ಹತ್ತು ಸೆಕೆಂಡಿಗೆ, ಗಿಟಾರ್ ಜೋಡಿಸುವ ಮೊದಲೇ, ಸ್ಪೀಕರ್ ಕಿವಿ ಸೀಳುವಂತೆ ಕಿರುಚಿತು. ಎರಡು ಸಂಜೆ ಪ್ರತಿ ಬೆಸುಗೆಯನ್ನೂ ಮತ್ತೆ ಮಾಡಿದೆ. ತಪ್ಪು ಬೆಸುಗೆಯಲ್ಲಿ ಇರಲಿಲ್ಲ. ಈ ಸರ್ಕ್ಯೂಟ್‌ನಲ್ಲಿ ಸ್ಪೀಕರ್‌ನಿಂದ 22 ಕಿಲೋಓಮ್ ಮೂಲಕ ಸ್ವಲ್ಪ ಸಂಕೇತವನ್ನು ಎರಡನೆಯ ಟ್ರಯೋಡ್‌ನ ಕ್ಯಾಥೋಡ್‌ಗೆ ಮರಳಿಸುತ್ತಾರೆ. ಅದು ಮೂಲ ಸಂಕೇತಕ್ಕೆ ವಿರುದ್ಧವಾಗಿ ಬಂದರೆ ವರ್ಧನೆಯನ್ನು ತಗ್ಗಿಸಿ ದನಿಯನ್ನು ನಯಗೊಳಿಸುತ್ತದೆ. ನಾನು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪ್ರೈಮರಿಯ ಎರಡು ತಂತಿಗಳನ್ನು ಅದಲುಬದಲು ಮಾಡಿದ್ದೆ. ಮರಳಿ ಬಂದದ್ದು ಸಂಕೇತವನ್ನು ತಗ್ಗಿಸುವ ಬದಲು ಇನ್ನಷ್ಟು ತಳ್ಳುತ್ತಿತ್ತು. ತಂತಿಗಳನ್ನು ಬದಲಿಸಿದೆ, ಕಿರುಚಾಟ ನಿಂತು ಕೋಣೆ ಮೌನವಾಯಿತು. ಅಂದಿನಿಂದ ಆ 22 ಕಿಲೋಓಮನ್ನು ಕೊನೆಗೆ ಬೆಸೆಯುತ್ತೇನೆ, ಅದಿಲ್ಲದೆಯೇ ಮೊದಲ ಸಲ ಹಚ್ಚುತ್ತೇನೆ. ಅದನ್ನು ಹಾಕಲೇಬೇಕೆಂದೂ ಇಲ್ಲ. ಒಂದು ಸ್ವಿಚ್ ಕೊಟ್ಟು ಬಿಡಿಸಿದರೆ ದನಿ ಒರಟಾಗಿ, ಬೇಗ ಒಡೆಯುವಂತಾಗುತ್ತದೆ. ನನಗೆ ಹಾಗೆಯೇ ಇಷ್ಟ.

ಕೊನೆಗೆ ಉಳಿಯುವುದು ಗುಂಯ್ ಎನ್ನುವ ಸದ್ದು. ಅದರ ಶ್ರುತಿ ಗುರುತಿಸಿದರೆ ಮೂಲ ಸಿಗುತ್ತದೆ, ಅದಕ್ಕೆ ಗಿಟಾರೇ ಸಾಕು. 50 ಹರ್ಟ್ಜ್ ಮೇನ್ಸ್ ಇರುವಲ್ಲಿ ದಪ್ಪ ತಂತಿಯ ಮೂರನೆಯ ಮನೆಯನ್ನು ಒತ್ತಿ ಮೀಟಿ, ಅದು 98 ಹರ್ಟ್ಜ್. ಗುಂಯ್ ಸದ್ದು ಅದರ ತೀರ ಹತ್ತಿರದಲ್ಲಿದ್ದರೆ ಅದು 100 ಹರ್ಟ್ಜ್. ಡಿಸಿ ಸರಿಯಾಗಿ ಸೋಸಿಲ್ಲ, ಸರಬರಾಜಿನ ಕೆಪಾಸಿಟರ್ ಅಥವಾ ಅದರ ನೆಲದ ತಂತಿಯನ್ನು ನೋಡಿ. ಒಂದು ಸ್ಥಾಯಿ ಕೆಳಗಿದ್ದರೆ 50 ಹರ್ಟ್ಜ್, ಹೀಟರ್‌ನ 6.3 ವೋಲ್ಟ್ ಎಸಿ ಎಲ್ಲೋ ಗ್ರಿಡ್‌ಗೆ ಸೋಕುತ್ತಿದೆ. ಹೀಟರ್‌ನ ಎರಡು ತಂತಿಗಳನ್ನು ಒಂದಕ್ಕೊಂದು ಬಿಗಿಯಾಗಿ ಹೆಣೆದು ಷಾಸಿಯ ಮೂಲೆಗೆ ಒತ್ತಿ ಸಾಗಿಸಿ. ಎರಡೂ ತುದಿಗಳಿಂದ ತಲಾ 100 ಓಮ್ ನೆಲಕ್ಕೆ ಕೊಟ್ಟರೆ ಬಹಳಷ್ಟು ಇಳಿಯುತ್ತದೆ. ಇನ್ನೂ ಒಂದು ಸದ್ದು ಉಳಿದಿದ್ದರೆ ಪೆನ್ಸಿಲ್‌ನ ಹಿಂಬದಿಯಿಂದ 12ಎಎಕ್ಸ್7ನ ಗಾಜನ್ನು ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಗಂಟೆಯಂತೆ ಠಣ್ ಎಂದರೆ ಅದರೊಳಗಿನ ಲೋಹ ಸಡಿಲವಾಗಿದೆ. ಆ ವಾಲ್ವನ್ನು ಮೊದಲ ಹಂತದಿಂದ ತೆಗೆದು ಇನ್ನೊಂದನ್ನು ಹಾಕಿ.